ಗುರುವಿಗೂ ಒಬ್ಬ ಗುರು

ಹಿಂದೆ ಈಜು ಕಲಿಯುವ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಬುರುಡೆ ಸಿಗದಿದ್ದರೆ ಸೋದರಮಾವನೋ ಚಿಕ್ಕಪ್ಪನೋ ಮೆಟ್ಟಿಲ ಮೇಲೆ ಕಾದು ನಿಂತಿರುತ್ತಿದ್ದ. ಪಾಠ ಹೇಳುವ ಕಸುಬಿಗೆ ಹೊಸದಾಗಿ ಇಳಿದವರಿಗೆ ಮಾತ್ರ ಬುರುಡೆಯೂ ಇಲ್ಲ, ಮಾವನೂ ಇಲ್ಲ. ಹಾಜರಿ ಪುಸ್ತಕವನ್ನೂ ಎರಡು ಸೀಮೆಸುಣ್ಣದ ತುಂಡುಗಳನ್ನೂ ಕೈಗಿತ್ತು, ಕೊಠಡಿಯ ಬಾಗಿಲನ್ನು ತೋರಿಸಿದರೆ ಮುಗಿಯಿತು. ಈಜಿದರೆ ಈಜಿದ, ಮುಳುಗಿದರೆ ಮುಳುಗಿದ.

ಈ ಮಾತು ನೆನಪಾಗಲು ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿ ಹಳ್ಳಿಯೊಂದಕ್ಕೆ ಹೋದಳು. ವರ್ಷ ತುಂಬುವುದರೊಳಗೆ ಒಂದು ಭಾನುವಾರ ಮನೆಗೆ ಬಂದು, “ಸಾರ್, ಈ ಕೆಲಸ ಬಿಡೋಣ ಅನ್ನಿಸುತ್ತಿದೆ” ಎಂದಳು. ಮಕ್ಕಳ ಮೇಲೆ ಬೇಸರವೇ ಎಂದು ಕೇಳಿದೆ. “ಮಕ್ಕಳೇನೋ ಚಿನ್ನದಂಥವರು. ಆದರೆ ಒಂದೇ ಕೊಠಡಿಯಲ್ಲಿ ಮೂರು ತರಗತಿ. ಸಂಜೆ ಬಾಗಿಲು ಹಾಕುವಾಗ ‘ಈ ಹೊತ್ತು ನಾನು ಮಾಡಿದ್ದು ಸರಿಯೇ’ ಎಂದು ಕೇಳೋಣವೆಂದರೆ ಒಬ್ಬರೂ ಇಲ್ಲ ಸಾರ್” ಎಂದಳು. ಕಾಫಿ ಕೊಟ್ಟು, ಧೈರ್ಯದ ನಾಲ್ಕು ಮಾತು ಹೇಳಿ ಕಳುಹಿಸಿದೆ. ಅವಳ ಪ್ರಶ್ನೆಗೆ ಮಾತ್ರ ಉತ್ತರ ಹೇಳಿದಂತಾಗಲಿಲ್ಲ. ಹೊಸ ಉಪಾಧ್ಯಾಯನ ಬಳಿ ಹಳಬನೊಬ್ಬ ನಿಂತಿರಬೇಕೆಂಬ ವಿಚಾರ ಹಿಂದೆ ಯಾರಿಗೂ ಹೊಳೆಯಲಿಲ್ಲವೇ ಎಂದು ಹುಡುಕಿ ನೋಡಿದೆ. ಹೊಳೆದಿತ್ತು, ಆ ಕಥೆಯ ಮೊದಲ ಪುಟವೊಂದು ನಮ್ಮ ಮಲೆನಾಡಿನ ಕಡೆಯದೇ ಆಗಿದೆ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತನು ಪೋರ್ತುಗೀಜರ ರಾಯಭಾರಿಯೊಡನೆ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊನ್ನಾವರದಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೊರಟಿದ್ದನು. ದಾರಿಯಲ್ಲಿ ಹೊರೆಗಳನ್ನು ಸಿದ್ಧಪಡಿಸುವಷ್ಟರಲ್ಲಿ ಒಂದು ಗುಡಿಯ ಜಗುಲಿಯ ಮೇಲೆ ಕುಳಿತನು. ಅಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಹೇಳಿಕೊಳ್ಳುತ್ತಿದ್ದರು. ಒಬ್ಬನು ಹೇಳಿ ಬರೆದರೆ ಉಳಿದವರೂ ಹಾಗೆಯೇ ಹೇಳಿ ಬರೆಯುವರು. ಗುರುಗಳು ಹತ್ತಿರವಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಇವನು ಕೇಳಿದ. ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ಮರೆತದ್ದನ್ನು ಮತ್ತೊಬ್ಬನು ತಿದ್ದುತ್ತಾನೆ ಎಂದು ಹುಡುಗರು ಉತ್ತರ ಕೊಟ್ಟರಂತೆ. ಪ್ರವಾಸಿಗೆ ಆ ಮಾತು ಒಪ್ಪಿಗೆಯಾಯಿತು. ಊರಿಗೆ ಬರೆದ ಕಾಗದದಲ್ಲಿ ಇದನ್ನು ಆದರದಿಂದ ವರ್ಣಿಸಿದ್ದಾನೆ.

ಇದಾದ ಸರಿಯಾಗಿ ಇನ್ನೂರು ವರ್ಷಕ್ಕೆ, 1823ರಲ್ಲಿ, ಬಳ್ಳಾರಿಯ ಕಲೆಕ್ಟರಾಗಿದ್ದ ಕ್ಯಾಂಪ್‌ಬೆಲ್ ಸಾಹೇಬನು ತನ್ನ ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಮದರಾಸಿಗೆ ಕಳುಹಿಸಿದನು. ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಹೊರಡಿಸಿದ್ದ ಆಜ್ಞೆಗೆ ಅದು ಉತ್ತರ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಂದಿ ವಿದ್ಯಾರ್ಥಿಗಳು. ಈ ಕಲೆಕ್ಟರನು ಹೊಗಳುಭಟನಲ್ಲ. ಹುಡುಗರು ಅರ್ಥ ತಿಳಿಯದೆ ಗಿಣಿಪಾಠ ಒಪ್ಪಿಸುತ್ತಾರೆಂದು ನೇರವಾಗಿಯೇ ದೂರಿದ್ದಾನೆ. ಆದರೂ ಒಂದು ವಿಷಯವನ್ನು ಬಹುವಾಗಿ ಮೆಚ್ಚಿದ್ದಾನೆ: ಕಡಮೆ ವೆಚ್ಚದಲ್ಲಿ ಬರವಣಿಗೆ ಕಲಿಸುವುದು, ಮತ್ತು ಮುಂದುವರಿದ ಹುಡುಗರಿಂದ ಹಿಂದಿನವರಿಗೆ ಪಾಠ ಹೇಳಿಸಿ, ಅದರಿಂದ ಅವರ ವಿದ್ಯೆಯನ್ನೂ ಗಟ್ಟಿಮಾಡಿಸುವುದು. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದೂ ಬರೆದಿದ್ದಾನೆ.

ನಮ್ಮ ಹಿರಿಯರು ಕಂಡಿದ್ದ ಕೂಲಿಮಠಗಳ ರೀತಿ ಇದೇ ಅಲ್ಲವೆ? ಐಗಳು ಜಗುಲಿಯ ಮೇಲಿದ್ದರೆ, ಮಗ್ಗಿ ಹೇಳಿಸುವುದು, ಮರಳಿನಲ್ಲಿ ತಿದ್ದಿಸುವುದು ಹಿರಿಯ ಹುಡುಗನ ಪಾಲು. ಬೆತ್ತದ ರುಚಿಯೂ ಇದ್ದೇ ಇತ್ತು. ಆ ಮಠಗಳನ್ನು ಸ್ವರ್ಗವೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಆ ಹಿರಿಯ ಹುಡುಗನು ತನಗರಿವಿಲ್ಲದೆಯೇ ಪಾಠ ಹೇಳುವ ಕಸುಬನ್ನು ಕಲಿಯುತ್ತಿದ್ದನು. ತಪ್ಪಿದರೆ ತಿದ್ದಲು ಐಗಳು ಕೂಗಳತೆಯಲ್ಲಿಯೇ ಇದ್ದರು.

ಈ ರೀತಿ ಇಂಗ್ಲೆಂಡಿಗೆ ಹೋದದ್ದು ಹೇಗೆ? ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ ಎಂಬಾತನು 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಕನಾದನು. ಊರ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ತನ್ನ ಶಾಲೆಯಲ್ಲಿಯೂ ಹಾಗೆ ಮಾಡಿರೆಂದರೆ ಅಲ್ಲಿಯ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಬೆಲ್ ಸಾಹೇಬನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಬಾಲಕನಿಗೆ ಸಣ್ಣ ತರಗತಿಯನ್ನು ಒಪ್ಪಿಸಿದನು. ದೊಡ್ಡವರು ಆಗದೆಂದದ್ದನ್ನು ಹುಡುಗ ಮಾಡಿ ತೋರಿಸಿದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಇದರ ವರದಿಯನ್ನು ಅಚ್ಚುಹಾಕಿಸಿದನು. ಪದ್ಧತಿಗೆ ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು.

ಆದರೆ ಕಡಲು ದಾಟುವಾಗ ಪದ್ಧತಿಯ ಜೀವವೊಂದು ಸೋರಿಹೋಯಿತು. ಆಗ ಇಂಗ್ಲೆಂಡಿನಲ್ಲಿ ಕಾರ್ಖಾನೆಗಳ ಕಾಲ. ಬಡಮಕ್ಕಳು ಲೆಕ್ಕವಿಲ್ಲದಷ್ಟು, ಹಣ ಕೊಡುವವರು ಕಡಮೆ. ಇದೇ ಮಾರ್ಗದಲ್ಲಿ ನಡೆದ ಜೋಸೆಫ್ ಲ್ಯಾಂಕಾಸ್ಟರನಂತೂ ಒಬ್ಬ ಮಾಸ್ತರನು ಸಾವಿರ ಹುಡುಗರನ್ನು ನಡೆಸಬಹುದೆಂದು ಸಾರಿದನು. ಗುಂಪಿಗೊಬ್ಬ ಮಾನಿಟರು, ಮಾನಿಟರುಗಳೆಲ್ಲರ ಮೇಲೆ ಒಬ್ಬ ಮಾಸ್ತರು. ಬೆಳಗ್ಗೆ ತಾನು ಕಲಿತದ್ದನ್ನು ಮಾನಿಟರು ಸ್ವಲ್ಪ ಹೊತ್ತಿನ ಮೇಲೆ ಇತರರಿಗೆ ಒಪ್ಪಿಸುವನು; ಅದರಾಚೆಯ ಪ್ರಶ್ನೆ ಬಂದರೆ ಅವನ ಬಂಡವಾಳ ಅಲ್ಲಿಗೆ ಮುಗಿಯಿತು. ನಮ್ಮ ಜಗುಲಿಯ ಮೇಲೆ ಒಬ್ಬರು ಮತ್ತೊಬ್ಬರಿಗೆ ನೆರವಾಗುವ ರೀತಿಯಾಗಿದ್ದುದು ಅಲ್ಲಿ ಖರ್ಚು ಉಳಿಸುವ ಯಂತ್ರವಾಯಿತು.

ಈ ದೋಷವನ್ನು ಕಂಡು ತಿದ್ದಲು ಹೊರಟವನು ಜೇಮ್ಸ್ ಕೇ-ಷಟಲ್‌ವರ್ತ್. ಈತನು ಮೊದಲು ವೈದ್ಯ, ಆಮೇಲೆ ಇಂಗ್ಲೆಂಡಿನ ಸರ್ಕಾರದ ಶಿಕ್ಷಣಾಧಿಕಾರಿ. ಹಾಲೆಂಡಿನ ಮಾದರಿಯನ್ನು ಕಂಡು ಬಂದಿದ್ದ ಈತನ ಪ್ರಯತ್ನದಿಂದ 1846ರಲ್ಲಿ ‘ಶಿಷ್ಯ-ಉಪಾಧ್ಯಾಯ’ ಪದ್ಧತಿ ಜಾರಿಗೆ ಬಂದಿತು. ಹದಿಮೂರು ತುಂಬಿದ ಹುಡುಗ ಅಥವಾ ಹುಡುಗಿ ಐದು ವರ್ಷ ಹೆಡ್‌ಮಾಸ್ತರನ ಕೈಕೆಳಗೆ ಇದ್ದು ಕಸುಬು ಕಲಿಯಬೇಕು. ವರ್ಷಕ್ಕೆ ಹತ್ತು ಪೌಂಡಿನಿಂದ ಇಪ್ಪತ್ತು ಪೌಂಡಿನವರೆಗೆ ಏರುವ ಸಂಬಳ. ಇದಿಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಮುಖ್ಯವಾದ ಷರತ್ತು ಮುಂದಿದೆ: ಹೆಡ್‌ಮಾಸ್ತರನು ದಿನಕ್ಕೆ ಒಂದೂವರೆ ಗಂಟೆ ಈ ಶಿಷ್ಯರನ್ನು ಕೂರಿಸಿಕೊಂಡು ಪಾಠ ಹೇಳಬೇಕು. ಆ ಶ್ರಮಕ್ಕಾಗಿ ಅವನಿಗೂ ಒಬ್ಬ ಶಿಷ್ಯನಿದ್ದರೆ ವರ್ಷಕ್ಕೆ 5 ಪೌಂಡು, ಇಬ್ಬರಿದ್ದರೆ 9, ಆಮೇಲಿನ ಪ್ರತಿಯೊಬ್ಬನಿಗೂ 3 ಪೌಂಡು.

ವಾಚಕರು ಈ ಒಂದೂವರೆ ಗಂಟೆಯನ್ನು ದಯವಿಟ್ಟು ಗಮನಿಸಬೇಕು. ಹೊಸಬನಿಗೆ ದಾರಿ ತೋರುವುದು ಹಳಬನ ಔದಾರ್ಯವಲ್ಲ, ಅವನ ಕೆಲಸ. ಕೆಲಸವೆಂದ ಮೇಲೆ ಅದಕ್ಕೆ ಹೊತ್ತೂ ಬೇಕು, ಕೂಲಿಯೂ ಬೇಕು ಎಂದು ಸರ್ಕಾರವೊಂದು ಕಾಗದದ ಮೇಲೆ ಒಪ್ಪಿಕೊಂಡ ದಿನ ಅದು. ಆ ಮಕ್ಕಳ ಪಾಡು ಸುಖದ್ದಾಗಿತ್ತೆಂದು ಅಲ್ಲ. ಹಗಲೆಲ್ಲ ಪಾಠ ಹೇಳಿ, ಉಳಿದ ಹೊತ್ತಿನಲ್ಲಿ ತಾವೂ ಓದಿ ಅವರು ಬಳಲುತ್ತಿದ್ದರು. ಆದರೂ ಬಡವರ ಮನೆಯ ಎಷ್ಟೋ ಮಕ್ಕಳು ಈ ಬಾಗಿಲಿನಿಂದಲೇ ಟ್ರೇನಿಂಗ್ ಕಾಲೇಜುಗಳನ್ನು ಹೊಕ್ಕರು.

ಈ ಸೊಗಸು ಹದಿನಾರೇ ವರ್ಷ. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಯು, ಮಕ್ಕಳು ಪರೀಕ್ಷೆಯಲ್ಲಿ ತೇರ್ಗಡೆಯಾದುದನ್ನು ನೋಡಿಯೇ ಶಾಲೆಗೆ ಹಣದ ಬಹುಪಾಲು ಎಂಬ ಹೊಸ ನಿಯಮ ತಂದನು. ಹೆಡ್‌ಮಾಸ್ತರನ ಆ ಪೌಂಡುಗಳಿಗೆ ಕತ್ತರಿ ಬಿದ್ದಿತು. ವಾರಕ್ಕೆ ಏಳೂವರೆ ಗಂಟೆಯಿದ್ದ ಪಾಠ ಐದಕ್ಕೆ ಇಳಿಯಿತು. ಶಿಷ್ಯ-ಉಪಾಧ್ಯಾಯರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ಪದ್ಧತಿಯ ಹೆಸರೇನೋ ಉಳಿಯಿತು. ಅಗ್ಗದ ಕೂಲಿಯೆಂಬ ಅಪಕೀರ್ತಿಯೂ ಅಂಟಿಕೊಂಡಿತು.

ಇತ್ತ ನಮ್ಮ ದೇಶದಲ್ಲಿ ಏನಾಯಿತು? 1854ರ ವುಡ್ಡನ ಪ್ರಸಿದ್ಧ ಶಿಕ್ಷಣ ಪತ್ರದಲ್ಲಿ ಈ ಶಿಷ್ಯ-ಉಪಾಧ್ಯಾಯ ಪದ್ಧತಿಯನ್ನೂ ನಾರ್ಮಲ್ ಸ್ಕೂಲುಗಳನ್ನೂ ಇಲ್ಲಿ ತರಬೇಕೆಂಬ ಸೂಚನೆಯಿತ್ತು. ಜಗುಲಿಯ ಮೇಲಿಂದ ಹೋದ ಕೂಸು ಆಂಗ್ಲ ವೇಷ ತೊಟ್ಟು ತವರಿಗೆ ಬಂದಂತೆ! ಆದರೆ ಇಲ್ಲಿ ಗಟ್ಟಿಯಾಗಿ ಬೇರೂರಿದ್ದು ನಾರ್ಮಲ್ ಸ್ಕೂಲುಗಳೇ. ಧಾರವಾಡದ ಟ್ರೇನಿಂಗ್ ಕಾಲೇಜನ್ನೂ ಡೆಪ್ಯುಟಿ ಚನ್ನಬಸಪ್ಪನವರನ್ನೂ ಕನ್ನಡಿಗರು ಮರೆಯುವಂತಿಲ್ಲ. ಉತ್ತರ ಕರ್ನಾಟಕದಲ್ಲಿ ಕನ್ನಡ ಶಾಲೆಗಳು ತಲೆಯೆತ್ತಲು ಅಂಥವರು ಕಾರಣರು. ಲಾಭ ದೊಡ್ಡದೇ. ಮಾಸ್ತರಿಕೆಗೆ ಶಾಸ್ತ್ರ ಬಂದಿತು, ಮರ್ಯಾದೆ ಬಂದಿತು. ಆದರೆ ಕಲಿಯುವ ಸ್ಥಳ ಒಂದು, ಕಲಿಸುವ ಸ್ಥಳ ಮತ್ತೊಂದು ಎಂದಾಯಿತು. ಸರ್ಟಿಫಿಕೇಟು ಕೈಗೆ ಬಂದ ಮರುದಿನದಿಂದ ಮಾಸ್ತರು ಒಂಟಿ. ಆಗಾಗ ಬರುತ್ತಿದ್ದ ಇನ್‌ಸ್ಪೆಕ್ಟರು ತಪ್ಪು ಹುಡುಕಲು ಬರುತ್ತಿದ್ದರೇ ವಿನಾ, ಪಕ್ಕದಲ್ಲಿ ಕುಳಿತು ತಿದ್ದಲು ಅಲ್ಲ.

ಸ್ವಾತಂತ್ರ್ಯಾನಂತರ ಈ ಒಂಟಿತನವನ್ನು ನೀಗುವ ಪ್ರಯತ್ನಗಳು ನಡೆಯದೆ ಇಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು. ಏಕೋಪಾಧ್ಯಾಯ ಶಾಲೆಗಳಿಗೆ ಎರಡನೆಯ ಉಪಾಧ್ಯಾಯರನ್ನು ಕೊಡುವ ಯೋಜನೆ ಬಂದಿತು. 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ನಾಲ್ಕಾರು ಹಳ್ಳಿಗಳ ಶಾಲೆಗಳನ್ನು ಒಂದು ಗುಚ್ಛವಾಗಿ ಕಟ್ಟಿ, ಅದಕ್ಕೊಬ್ಬ ಸಂಪನ್ಮೂಲ ವ್ಯಕ್ತಿಯನ್ನು ಗೊತ್ತುಮಾಡಿತು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿ ಕಣಿವೆಯ ಶಾಲೆಗಳನ್ನು ನೋಡಿ ಬಂದು, ತಾವೇ ಕಲೆತು ಕುಳಿತು ‘ನಲಿ-ಕಲಿ’ಯನ್ನು ರೂಪಿಸಿದರು. ಅದರಲ್ಲಿ ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪೂ ಒಂದುಂಟು. ಇಕ್ಕೇರಿ ದಾರಿಯ ಆ ನಾಲ್ವರು ಹುಡುಗರು ಕಂಡಿದ್ದರೆ ಸಂತೋಷಪಡುತ್ತಿದ್ದರು. 2020ರ ಶಿಕ್ಷಣ ನೀತಿಯು ಅನುಭವಿ ಶಿಕ್ಷಕರಿಂದ ಇತರ ಶಿಕ್ಷಕರಿಗೆ ಮಾರ್ಗದರ್ಶನ ಕೊಡಿಸಲು ರಾಷ್ಟ್ರೀಯ ಯೋಜನೆಯನ್ನೇ ಸೂಚಿಸಿತು. ಇಂಗ್ಲೆಂಡಿನಲ್ಲಿಯೂ 2021ರಿಂದ ಹೊಸ ಶಿಕ್ಷಕನಿಗೆ ಎರಡು ವರ್ಷ ಒಬ್ಬ ಮಾರ್ಗದರ್ಶಕನನ್ನು ಗೊತ್ತುಮಾಡಿ, ಮೊದಲ ವರ್ಷ ಅವನ ಪಾಠದ ಹೊರೆಯಲ್ಲಿ ನೂರಕ್ಕೆ ಹತ್ತು ಪಾಲು, ಎರಡನೆಯ ವರ್ಷ ಐದು ಪಾಲು ಕಡಮೆ ಮಾಡುವ ಏರ್ಪಾಡಾಯಿತು.

ಎಲ್ಲವೂ ಒಳ್ಳೆಯದೇ. ಆದರೆ 1862ರ ಪಾಠ ಬೆನ್ನಿಗಿದೆ. ಗುಚ್ಛದ ಸಂಪನ್ಮೂಲ ವ್ಯಕ್ತಿಯ ಚೀಲದಲ್ಲಿ ಅಂಕಿಅಂಶದ ನಮೂನೆಗಳೇ ತುಂಬಿದ್ದರೆ, ಹೊಸ ಮೇಷ್ಟರ ಪಕ್ಕ ಕುಳಿತುಕೊಳ್ಳಲು ಅವರಿಗೆ ಹೊತ್ತೆಲ್ಲಿಯದು? ಹಿರಿಯ ಉಪಾಧ್ಯಾಯರಿಗೆ ಬಿಡುವು ಕೊಡದೆ ‘ಮಾರ್ಗದರ್ಶಕ’ರೆಂಬ ಬಿರುದು ಮಾತ್ರ ಕೊಟ್ಟರೆ, ಅದು ಉಣ್ಣಲು ಅನ್ನವಿಲ್ಲದವನಿಗೆ ಬೆಳ್ಳಿಯ ತಟ್ಟೆ ಕೊಟ್ಟಂತೆ. ಚರಿತ್ರೆಯಲ್ಲಿ ಈ ವಿಚಾರ ಎರಡು ಸಲ ಕೆಟ್ಟಿತು. ಎರಡು ಸಲವೂ ವಿಚಾರ ತಪ್ಪಾಗಿದ್ದುದರಿಂದಲ್ಲ, ಅದನ್ನು ಪುಕ್ಕಟೆಯಾಗಿ ನಡೆಸಹೊರಟಿದ್ದರಿಂದ.

ನನ್ನ ಶಿಷ್ಯೆ ಕೆಲಸ ಬಿಡಲಿಲ್ಲ. ಎರಡು ಮೈಲಿ ದೂರದ ಹಳ್ಳಿಯಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಉಪಾಧ್ಯಾಯಿನಿಯೊಬ್ಬರು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇವಳನ್ನು ಕರೆಸಿಕೊಂಡು ಕೂರಿಸಿಕೊಳ್ಳತೊಡಗಿದರಂತೆ. “ಅಕ್ಕ ಹೆಚ್ಚೇನೂ ಹೇಳಿಕೊಡುವುದಿಲ್ಲ ಸಾರ್. ನಾನು ಹೇಳಿದ್ದನ್ನೆಲ್ಲ ಕೇಳಿ, ಹಾಗಾದರೆ ಸೋಮವಾರ ಏನು ಮಾಡುತ್ತೀಯೆ ಎನ್ನುತ್ತಾರೆ, ಅಷ್ಟೆ” ಎಂದಳು. ಅಕ್ಕನವರು ಈ ವರ್ಷ ನಿವೃತ್ತರಾಗುತ್ತಾರೆ. ಆ ಹಳ್ಳಿಗೆ ಮುಂದೆ ಬರುವ ಹೊಸ ಉಪಾಧ್ಯಾಯಿನಿಯನ್ನು ಶನಿವಾರ ಕರೆಸಿಕೊಳ್ಳುವ ಸರದಿ ಇವಳದು. ಕರೆಸಿಕೊಳ್ಳುತ್ತಾಳೆಂದು ನನಗೆ ನಂಬಿಕೆಯಿದೆ. ಆದರೆ ನಾಡಿನ ಶಾಲೆಗಳೆಲ್ಲ ಹೀಗೆ ಯಾರೋ ಅಕ್ಕನ ಶನಿವಾರಗಳನ್ನೇ ನಂಬಿಕೊಂಡು ನಡೆಯಬೇಕೇ?