ಗಗನರೇಖೆಯ ಗಣನೆ: ಚಾಮರಾಜನಗರದಿಂದ ಗುಂಡ್ಲುಪೇಟೆಗೆ

ಚಾಮರಾಜನಗರಕ್ಕೆ ಅರಿಕುಠಾರವೆಂಬ ಹೆಸರಿದ್ದ ಕಾಲದಲ್ಲಿ, ಅಲ್ಲಿಂದ ಗುಂಡ್ಲುಪೇಟೆಗೆ ಎಷ್ಟು ದೂರವೆಂದು ಕೇಳಿದವನಿಗೆ ದೊರೆಯುತ್ತಿದ್ದ ಉತ್ತರ ಹರಿದಾರಿಗಳ ಲೆಕ್ಕದ್ದು. ಹರಿದಾರಿಯೆಂದರೆ ಸುಮಾರು ಮೂರು ಮೈಲಿಯೆಂದು ಕೋಶಗಳು ಹೇಳುವುವಾದರೂ, ಅದು ವಾಸ್ತವವಾಗಿ ನಡೆಯುವವನ ಕಾಲಿನ ಅಳತೆ; ದಾರಿ ಬಳಸಿದರೆ ಅಳತೆಯೂ ಬಳಸುತ್ತಿತ್ತು. ಊರಿನಿಂದ ಊರಿಗೆ ನೆಟ್ಟನೆ ಎಳೆದ ಗೆರೆಯ ಕಲ್ಪನೆ ಹುಟ್ಟಬೇಕಾದದ್ದು ನೆಲದ ಮೇಲಲ್ಲ, ಗಣಿತದಲ್ಲಿ.

ಭೂಮಿ ಗೋಲಾಕಾರವೆಂದೂ ಅದರ ವ್ಯಾಸ 1050 ಯೋಜನವೆಂದೂ ಆರ್ಯಭಟನು ಹೇಳಿದ್ದನು. ಗೋಲದ ಮೇಲೆ ಎರಡು ಬಿಂದುಗಳ ಕನಿಷ್ಠ ಅಂತರವು ಮಹಾವೃತ್ತದ ಚಾಪ. ಆದರೆ ಆ ಬಿಂದುಗಳು ನಿಶ್ಚಯವಾಗಿ ಎಲ್ಲಿವೆಯೆಂದು ತಿಳಿಯದೆ ಸೂತ್ರದಿಂದೇನು ಪ್ರಯೋಜನ?

ಆ ನಿಶ್ಚಯವನ್ನು ನಮ್ಮ ನಾಡಿಗೆ ತಂದುಕೊಟ್ಟ ಸಾಹಸವನ್ನು ನಾವು ಮರೆತಿರುವುದು ಅನ್ಯಾಯ. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬೆನ್ನಲ್ಲೇ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಗೆ ತೊಡಗಿದನು. ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿಯೂ, 1802ರ ಏಪ್ರಿಲಿನಿಂದ ಮದರಾಸಿನ ಪರಂಗಿಮಲೆಯ ಬಳಿಯೂ ಆಧಾರರೇಖೆಗಳನ್ನು ಅಳೆದನು. ಬಿಸಿಲಿಗೆ ಉಕ್ಕಿನ ಸರಪಳಿ ಹಿಗ್ಗಿ ಲೆಕ್ಕ ಕೆಟ್ಟೀತೆಂದು ಅದಕ್ಕೆ ಡೇರೆಗಳ ನೆರಳು ಕೊಟ್ಟು, ಉಷ್ಣಮಾಪಕಗಳಿಂದ ತಾಪವನ್ನು ಗುರುತಿಸಿಕೊಂಡು, ಏಳೂವರೆ ಮೈಲಿಯ ಒಂದು ಗೆರೆಗೆ ವಾರಗಟ್ಟಲೆ ದುಡಿದ ಆ ತಾಳ್ಮೆ ತಪಸ್ಸಿಗೆ ಸಮಾನವಾದುದು. ತ್ರಿಕೋನದ ಒಂದು ಭುಜವನ್ನು ಅಳೆದು, ಗುಡ್ಡಗಳ ನೆತ್ತಿಯಿಂದ ಕೋನಗಳನ್ನು ನೋಡಿದರೆ, ಮಿಕ್ಕ ಭುಜಗಳು ಗಣನೆಯಿಂದಲೇ ಸಿದ್ಧಿಸುವುವು. ಕಾಡು ಕಣಿವೆಗಳನ್ನು ಸರಪಳಿ ದಾಟಬೇಕಾಗಿಲ್ಲ.

ಇಂದು ಆ ಕೆಲಸವನ್ನು ಉಪಗ್ರಹಗಳು ಕ್ಷಣದಲ್ಲಿ ಮಾಡುತ್ತವೆ. ಚಾಮರಾಜನಗರವು ಸುಮಾರು 11.92 ಅಂಶ ಉತ್ತರ ಅಕ್ಷಾಂಶ, 76.94 ಅಂಶ ಪೂರ್ವ ರೇಖಾಂಶದಲ್ಲಿದೆ, ಗುಂಡ್ಲುಪೇಟೆ 11.81 ಮತ್ತು 76.69ರಲ್ಲಿ. ಭೂಮಿಯ ತ್ರಿಜ್ಯವನ್ನು 6371 ಕಿಲೋಮೀಟರೆಂದು ಹಿಡಿದರೆ ವಾಯುಮಾರ್ಗದ ಅಂತರ ಸುಮಾರು 30 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರು ವೇಗದ ವಿಮಾನಕ್ಕೆ ಎರಡೂಕಾಲು ನಿಮಿಷದ ಹಾದಿ.

ಅಂತರವು ಸತ್ಯ, ಕಾಲವು ಮಾತ್ರ ಬರಿಯ ಭಾಗಾಕಾರದ ಫಲವೆಂದು ನನ್ನ ಅಭಿಪ್ರಾಯ. ಮೇಲೇರಿ ಆ ವೇಗವನ್ನು ಗಳಿಸುವುದರೊಳಗಾಗಿಯೇ ವಿಮಾನವು ಗುಂಡ್ಲುಪೇಟೆಯನ್ನು ದಾಟಿ ಬಂಡೀಪುರದ ಕಾಡಿನ ಮೇಲಿರುವುದು. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ಮೂರು ಕಿಲೋಮೀಟರಿಗೂ ಕಡಮೆ ದೂರಕ್ಕೆ ಪುಟ್ಟ ವಿಮಾನವೊಂದು 1967ರಿಂದ ಹಾರುತ್ತಿರುವುದುಂಟು. ಅಲ್ಲಿ ನಡುವೆ ಸಮುದ್ರವಿದೆ. ಇಲ್ಲಿ ಎರಡೂ ಊರುಗಳಿಗೆ ಹತ್ತಿರವಾದುದು 2010ರಲ್ಲಿ ಹೊಸ ನಿಲ್ದಾಣವನ್ನು ಕಂಡ ಮೈಸೂರಿನ ಮಂಡಕಳ್ಳಿ. ಅಲ್ಲಿಗೆ ಹೋಗುವ ದೂರವೇ ಈ ಎರಡು ಊರುಗಳ ನಡುವಣ ದೂರಕ್ಕಿಂತ ಹೆಚ್ಚು. ವಿಮಾನವೇ ಇಲ್ಲದ ದಾರಿಗೆ ವಿಮಾನದ ವೇಳೆಯನ್ನು ಹೇಳುವವರು, ಜೊತೆಯಲ್ಲಿ ಬಸ್ಸಿನ ವೇಳೆಯನ್ನೂ ಹೇಳಬೇಕು.

1926ರಲ್ಲಿ ನಂಜನಗೂಡಿನಿಂದ ಚಾಮರಾಜನಗರದವರೆಗೆ ಬಂದ ರೈಲು ಗುಂಡ್ಲುಪೇಟೆಗೆ ಇನ್ನೂ ಬಂದಿಲ್ಲ. ಬಸ್ಸು ತೆರಕಣಾಂಬಿಯ ಮೇಲೆಯೇ ಹೋಗುತ್ತದೆ.