ಟಾಸ್ಕ್ ಮ್ಯಾನೇಜರ್

ಟಾಸ್ಕ್ ಮ್ಯಾನೇಜರ್ ಎಂಬುದು ಮೈಕ್ರೋಸಾಫ್ಟ್ ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯ ಜೊತೆಗೇ ಬರುವ ಒಂದು ತಂತ್ರಾಂಶ. ಗಣಕಯಂತ್ರದಲ್ಲಿ ಆ ಕ್ಷಣ ನಡೆಯುತ್ತಿರುವ ಪ್ರೋಗ್ರಾಂಗಳನ್ನೂ ಹಿನ್ನೆಲೆಯ ಪ್ರಕ್ರಿಯೆಗಳನ್ನೂ ಇದು ಪಟ್ಟಿ ಮಾಡುತ್ತದೆ. ಪ್ರತಿಯೊಂದೂ ಬಳಸುತ್ತಿರುವ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕ್‌ಗಳ ಪ್ರಮಾಣವನ್ನು ತೋರಿಸುತ್ತದೆ. ಆದರೂ ಸಾಮಾನ್ಯ ಬಳಕೆದಾರರಿಗೆ ಇದು ಪರಿಚಿತವಾಗಿರುವುದು ಮುಖ್ಯವಾಗಿ ಒಂದೇ ಕೆಲಸಕ್ಕೆ: ಸ್ತಬ್ಧಗೊಂಡು, ಅಂದರೆ ಆಡುಮಾತಿನಲ್ಲಿ 'ಹ್ಯಾಂಗ್' ಆಗಿ, ಯಾವ ಆದೇಶಕ್ಕೂ ಪ್ರತಿಕ್ರಿಯಿಸದ ಪ್ರೋಗ್ರಾಂ ಅನ್ನು ಬಲವಂತವಾಗಿ ಮುಚ್ಚುವುದಕ್ಕೆ. ಹಾಗೆ ಮುಚ್ಚಿದಾಗ ಉಳಿಸದ ಕೆಲಸವೂ ಸಾಮಾನ್ಯವಾಗಿ ನಾಶವಾಗುತ್ತದೆ.

ಇತಿಹಾಸ

ವಿಂಡೋಸ್‌ನ ಆರಂಭದ ಆವೃತ್ತಿಗಳಲ್ಲಿ ಪ್ರೋಗ್ರಾಂಗಳು ಪರಸ್ಪರ ಸಹಕಾರದಿಂದ ಪ್ರೊಸೆಸರ್ ಅನ್ನು ಹಂಚಿಕೊಳ್ಳಬೇಕಾಗಿತ್ತು. ಒಂದು ಪ್ರೋಗ್ರಾಂ ತನ್ನ ಸರದಿಯನ್ನು ಬಿಟ್ಟುಕೊಡದಿದ್ದರೆ ಉಳಿದವೆಲ್ಲವೂ ನಿಂತುಹೋಗುತ್ತಿದ್ದವು. ವಿಂಡೋಸ್ 3.1ರಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿದರೆ 'ಟಾಸ್ಕ್ ಲಿಸ್ಟ್' ಎಂಬ ಸಣ್ಣ ಪಟ್ಟಿ ತೆರೆದುಕೊಳ್ಳುತ್ತಿತ್ತು. ವಿಂಡೋಸ್ 95ರಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಪ್ರೋಗ್ರಾಂ ಮುಚ್ಚುವ ಸಂವಾದ ಚೌಕ ಬರುತ್ತಿತ್ತು; ಮತ್ತೊಮ್ಮೆ ಒತ್ತಿದರೆ ಇಡೀ ಗಣಕಯಂತ್ರವೇ ಮರುಆರಂಭವಾಗುತ್ತಿತ್ತು. ಈ ಮೂರು ಕೀಲಿಗಳ ಸಂಯೋಜನೆಯನ್ನು ಮೊದಲು ರೂಪಿಸಿದವರು ಐಬಿಎಂ ಪಿಸಿಯ ತಂಡದಲ್ಲಿದ್ದ ಡೇವಿಡ್ ಬ್ರಾಡ್ಲಿ. ಅವರ ಉದ್ದೇಶ ಯಂತ್ರವನ್ನು ಮರುಆರಂಭಿಸುವುದಷ್ಟೇ ಆಗಿತ್ತು.

ಇಂದಿನ ಟಾಸ್ಕ್ ಮ್ಯಾನೇಜರ್‌ನ ಮೂಲ ರೂಪವನ್ನು ಮೈಕ್ರೋಸಾಫ್ಟ್‌ನ ತಂತ್ರಜ್ಞ ಡೇವ್ ಪ್ಲಮ್ಮರ್ ತಮ್ಮ ಬಿಡುವಿನ ವೇಳೆಯಲ್ಲಿ ಮನೆಯಲ್ಲಿ ಬರೆದರು. ಅದು 1996ರಲ್ಲಿ ವಿಂಡೋಸ್ ಎನ್‌ಟಿ 4.0ರ ಭಾಗವಾಗಿ ಹೊರಬಂದಿತು. 2012ರ ವಿಂಡೋಸ್ 8ರಲ್ಲಿ ಅದರ ವಿನ್ಯಾಸ ಸಂಪೂರ್ಣವಾಗಿ ಬದಲಾಯಿತು.

ಪ್ರತಿಕ್ರಿಯಿಸದ ಸ್ಥಿತಿ

ಕಿಟಕಿಗಳನ್ನು ತೆರೆಯುವ ಪ್ರೋಗ್ರಾಂಗೆ ಕೀಲಿಮಣೆ ಮತ್ತು ಮೌಸ್‌ಗಳಿಂದ ಬರುವ ಸಂದೇಶಗಳ ಸಾಲು ಇರುತ್ತದೆ. ಪ್ರೋಗ್ರಾಂ ಈ ಸಾಲಿನತ್ತ ಸುಮಾರು 5 ಸೆಕೆಂಡುಗಳ ಕಾಲ ತಿರುಗಿ ನೋಡದಿದ್ದರೆ ವಿಂಡೋಸ್ ಅದನ್ನು ಪ್ರತಿಕ್ರಿಯಿಸದ ಪ್ರೋಗ್ರಾಂ ಎಂದು ಪರಿಗಣಿಸುತ್ತದೆ. ಆಗ ಮೂಲ ಕಿಟಕಿಯ ಜಾಗದಲ್ಲಿ ಅದರ ಕೊನೆಯ ಚಿತ್ರವನ್ನು ಹೊತ್ತ ಒಂದು 'ಛಾಯಾ ಕಿಟಕಿ'ಯನ್ನು ಇಟ್ಟು, ಶೀರ್ಷಿಕೆಗೆ 'ನಾಟ್ ರೆಸ್ಪಾಂಡಿಂಗ್' ಎಂಬ ಪದಗಳನ್ನು ಸೇರಿಸುತ್ತದೆ. ಪರದೆ ಮಸುಕಾಗಿ ಬೆಳ್ಳಗೆ ಕಾಣುವುದು ಇದರಿಂದಲೇ.

ಈ ಪದಗಳು ಪ್ರೋಗ್ರಾಂ ಸತ್ತಿದೆ ಎಂಬುದಕ್ಕೆ ಪುರಾವೆಯಲ್ಲ. ದೊಡ್ಡ ಕಡತವೊಂದನ್ನು ತೆರೆಯುತ್ತಿರುವ ಅಥವಾ ಉಳಿಸುತ್ತಿರುವ ಪ್ರೋಗ್ರಾಂ ಸಹ ಸಂದೇಶಗಳತ್ತ ಗಮನ ಕೊಡದೆ ಇದೇ ರೀತಿ ಕಾಣಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಸಾಲಿನ ಪ್ರೊಸೆಸರ್ ಅಥವಾ ಡಿಸ್ಕ್ ಅಂಕಣದ ಸಂಖ್ಯೆಗಳು ಬದಲಾಗುತ್ತಿದ್ದರೆ ಕೆಲಸ ಒಳಗೆ ಸಾಗುತ್ತಿರುವ ಸಾಧ್ಯತೆ ಇದೆ, ಕೆಲವು ನಿಮಿಷ ಕಾಯುವುದು ಲೇಸು. ಸಂಖ್ಯೆಗಳು ಬಹಳ ಹೊತ್ತು ಸೊನ್ನೆಯಲ್ಲೇ ನಿಂತಿದ್ದರೆ ಅದು ಬೇರಾವುದಕ್ಕೋ, ಉದಾಹರಣೆಗೆ ಮುದ್ರಕಕ್ಕೋ ಜಾಲಸಂಪರ್ಕಕ್ಕೋ, ಕಾದು ಕುಳಿತಿರಬಹುದು. ಪ್ರೊಸೆಸರ್ ಅಂಕಣ ಮಾತ್ರ ಒಂದೇ ಎತ್ತರದಲ್ಲಿ ನಿಂತು ಡಿಸ್ಕ್ ಚಟುವಟಿಕೆ ಇಲ್ಲವಾದರೆ ಪ್ರೋಗ್ರಾಂ ಕೊನೆಯಿಲ್ಲದ ಆವರ್ತನೆಯಲ್ಲಿ ಸಿಲುಕಿರುವ ಶಂಕೆ ಬಲವಾಗುತ್ತದೆ.

ಬಳಕೆಯ ವಿಧಾನ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ನೇರವಾಗಿ ತೆರೆಯುತ್ತದೆ. ಪಟ್ಟಿಯಲ್ಲಿ ಪ್ರೋಗ್ರಾಂ ಹೆಸರನ್ನು ಆರಿಸಿ 'ಎಂಡ್ ಟಾಸ್ಕ್' ಒತ್ತಬೇಕು.

ವಿಂಡೋಸ್ 7ರವರೆಗಿನ ಆವೃತ್ತಿಗಳಲ್ಲಿ ಈ ಕೆಲಸಕ್ಕೆ ಎರಡು ಬೇರೆ ಬೇರೆ ಗುಂಡಿಗಳಿದ್ದವು. 'ಅಪ್ಲಿಕೇಶನ್ಸ್' ಪುಟದ 'ಎಂಡ್ ಟಾಸ್ಕ್' ಮೊದಲು ಪ್ರೋಗ್ರಾಂಗೆ ಮುಚ್ಚಿಕೊಳ್ಳುವಂತೆ ಸಂದೇಶ ಕಳುಹಿಸುತ್ತಿತ್ತು. ಪ್ರೋಗ್ರಾಂಗೆ ಇನ್ನೂ ಜೀವವಿದ್ದರೆ ಕಡತವನ್ನು ಉಳಿಸಬೇಕೆ ಎಂದು ಕೇಳುವ ಅವಕಾಶ ಅದಕ್ಕೆ ದೊರೆಯುತ್ತಿತ್ತು. 'ಪ್ರೋಸೆಸಸ್' ಪುಟದ 'ಎಂಡ್ ಪ್ರೋಸೆಸ್' ಯಾವ ಮುನ್ಸೂಚನೆಯನ್ನೂ ಪ್ರೋಗ್ರಾಂಗೆ ಕೊಡದೆ ಪ್ರಕ್ರಿಯೆಯನ್ನು ಅಲ್ಲಿಯೇ ಕಡಿದುಹಾಕುತ್ತಿತ್ತು. ಅದರ ಮೆಮೊರಿಯಲ್ಲಿದ್ದುದೆಲ್ಲ ಅದರೊಂದಿಗೇ ಹೋಗುತ್ತಿತ್ತು. ಹೊಸ ಆವೃತ್ತಿಗಳಲ್ಲಿ ಎರಡು ಪುಟಗಳಲ್ಲೂ ಒಂದೇ ಹೆಸರಿನ ಗುಂಡಿ ಇರುವುದರಿಂದ ಈ ಭೇದ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಗುಂಡಿ ಒತ್ತಿದ ಮೇಲೆ ಕಡತ ಉಳಿಯುತ್ತದೆಂದು ನಂಬುವಂತಿಲ್ಲ.

ಕನ್ನಡ ಡಿಟಿಪಿ ಕೆಲಸದಲ್ಲಿ

ಬೆಂಗಳೂರು ದಕ್ಷಿಣದ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಯಂತಹ ಪ್ರದೇಶಗಳಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳು ಮದುವೆಯ ಲಗ್ನಪತ್ರಿಕೆ, ಅರ್ಜಿ, ಕರಪತ್ರ ಮತ್ತು ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡುತ್ತವೆ. ಇಂತಹ ಕೆಲಸದಲ್ಲಿ ಗಿರಾಕಿ ಎದುರಿಗೇ ನಿಂತಿರುವಾಗ ಪ್ರೋಗ್ರಾಂ ಸ್ತಬ್ಧಗೊಂಡರೆ, ಅದನ್ನು ಮುಚ್ಚುವುದರಿಂದ ಒಂದು ಗಂಟೆಯ ಅಕ್ಷರಜೋಡಣೆಯೂ ತಿದ್ದುಪಡಿಯೂ ಇಲ್ಲವಾಗಬಹುದು.

ಎಷ್ಟು ನಷ್ಟವಾಗುತ್ತದೆ ಎಂಬುದು ಆಯಾ ತಂತ್ರಾಂಶವನ್ನು ಅವಲಂಬಿಸಿದೆ. ಯೂನಿಕೋಡ್ ಕನ್ನಡವನ್ನು ಬೆಂಬಲಿಸದ ಕಾರಣ ಹಳೆಯ ಅಕ್ಷರ ಶೈಲಿಗಳೊಂದಿಗೆ ಬಳಕೆಯಾಗುತ್ತ ಬಂದ ಅಡೋಬ್ ಪೇಜ್‌ಮೇಕರ್, ಒಂದು ಪುಟದಿಂದ ಮತ್ತೊಂದಕ್ಕೆ ಹೋದಾಗಲೆಲ್ಲ 'ಮಿನಿ ಸೇವ್' ಎಂಬ ಕಿರು ಉಳಿತಾಯವನ್ನು ತಾನಾಗಿಯೇ ಮಾಡುತ್ತದೆ. ಆದ್ದರಿಂದ ಹಲವು ಪುಟಗಳ ಪುಸ್ತಕದ ಕೆಲಸದಲ್ಲಿ ಬಹುಭಾಗ ಮರಳಿ ಸಿಗುವ ಸಂಭವವಿದೆ. ಒಂದೇ ಪುಟದ ಲಗ್ನಪತ್ರಿಕೆಯಲ್ಲಿ ಪುಟ ಬದಲಿಸುವ ಸಂದರ್ಭವೇ ಬರುವುದಿಲ್ಲವಾದ್ದರಿಂದ ಆ ರಕ್ಷಣೆ ಅಷ್ಟಾಗಿ ಒದಗುವುದಿಲ್ಲ. ಮೈಕ್ರೋಸಾಫ್ಟ್ ವರ್ಡ್ ಸಾಮಾನ್ಯವಾಗಿ ಪ್ರತಿ 10 ನಿಮಿಷಕ್ಕೊಮ್ಮೆ ಮರುಪಡೆಯುವ ಪ್ರತಿಯನ್ನು ಬರೆದಿಡುತ್ತದೆ. ಈ ಅವಧಿಯನ್ನು ಬಳಕೆದಾರರು ಕಡಿಮೆ ಮಾಡಿಕೊಳ್ಳಬಹುದು. ಇವುಗಳಿಗಿಂತ ಸರಳವಾದ ಉಪಾಯವೂ ಒಂದಿದೆ. ಮುಚ್ಚುವ ಮೊದಲು, ಪರದೆಯ ಮೇಲೆ ಉಳಿದಿರುವ ಕೊನೆಯ ಚಿತ್ರವನ್ನು ಮೊಬೈಲ್ ಫೋನಿನಲ್ಲಿ ತೆಗೆದಿಟ್ಟುಕೊಂಡರೆ ಕಾಣುತ್ತಿರುವಷ್ಟು ಪಠ್ಯವನ್ನಾದರೂ ನೋಡಿಕೊಂಡು ಮತ್ತೆ ಟೈಪ್ ಮಾಡಬಹುದು.

ಮುದ್ರಣದ ವೇಳೆ ಬರುವ ತೊಡಕಿನಲ್ಲಿ ಪ್ರೋಗ್ರಾಂ ಮೇಲೆ ಅನಗತ್ಯವಾಗಿ ದೋಷ ಬೀಳುತ್ತದೆ. ಮುದ್ರಕದ ಸಾಲಿನಲ್ಲಿ ಕೆಟ್ಟುನಿಂತ ಒಂದು ಕೆಲಸದಿಂದಾಗಿ 'ಪ್ರಿಂಟ್ ಸ್ಪೂಲರ್' ಎಂಬ ಸೇವೆ ಸಿಲುಕಿಕೊಂಡಾಗ, ಅದಕ್ಕಾಗಿ ಕಾಯುತ್ತಿರುವ ಪ್ರೋಗ್ರಾಂ ಸ್ತಬ್ಧವಾದಂತೆ ತೋರುತ್ತದೆ. ಆಗ ಟಾಸ್ಕ್ ಮ್ಯಾನೇಜರ್‌ನ 'ಸರ್ವಿಸಸ್' ಪುಟದಲ್ಲಿ ಸ್ಪೂಲರ್ ಸೇವೆಯನ್ನು ಮರುಆರಂಭಿಸಿದರೆ, ಉಳಿಸದ ಕಡತವನ್ನು ಕಳೆದುಕೊಳ್ಳದೆಯೇ ಪ್ರೋಗ್ರಾಂ ಮತ್ತೆ ಚಲನೆಗೆ ಬರಬಹುದು. ಇದಕ್ಕೆ ನಿರ್ವಾಹಕ ಹಕ್ಕುಗಳು ಬೇಕಾಗುತ್ತವೆ.

ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಹಾಗೂ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ತಂತ್ರಾಂಶಗಳ ಕೀಲಿಮಣೆಯ ಭಾಗವು ಬೇರೆ ಪ್ರೋಗ್ರಾಂಗಳಲ್ಲಿ ಕನ್ನಡ ಮೂಡಿಸುವುದಕ್ಕಾಗಿ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ಇಂಗ್ಲಿಷ್ ಅಕ್ಷರಗಳು ಸರಾಗವಾಗಿ ಬರುತ್ತಿದ್ದು ಕನ್ನಡ ಮಾತ್ರ ನಿಂತಿದ್ದರೆ, ಬರೆಯುತ್ತಿರುವ ಪ್ರೋಗ್ರಾಂ ಅನ್ನು ಮುಚ್ಚುವ ಅಗತ್ಯವಿಲ್ಲ. ಕಡತವನ್ನು ಉಳಿಸಿ, ಪಟ್ಟಿಯಲ್ಲಿ ಕೀಲಿಮಣೆ ತಂತ್ರಾಂಶವನ್ನಷ್ಟೇ ಕೊನೆಗೊಳಿಸಿ ಮತ್ತೆ ತೆರೆದು ನೋಡಬಹುದು.

ಎಚ್ಚರ ವಹಿಸಬೇಕಾದ ಪ್ರಕ್ರಿಯೆಗಳು

ಪಟ್ಟಿಯಲ್ಲಿ ಅಪರಿಚಿತ ಹೆಸರು ಕಂಡ ಮಾತ್ರಕ್ಕೆ ಅದನ್ನು ಕೊನೆಗೊಳಿಸುವುದು ಅಪಾಯಕರ. ವಿಂಡೋಸ್‌ನ ತಿರುಳಿಗೆ ಸೇರಿದ ಸಿಎಸ್‌ಆರ್‌ಎಸ್‌ಎಸ್‌ನಂತಹ ಪ್ರಕ್ರಿಯೆ ನಿಂತರೆ ನೀಲಿ ಪರದೆ ಬಂದು ಯಂತ್ರವೇ ನಿಲ್ಲುತ್ತದೆ. 'ಎಕ್ಸ್‌ಪ್ಲೋರರ್' ಕೊನೆಗೊಂಡರೆ ಕಾರ್ಯಪಟ್ಟಿ ಮತ್ತು ಡೆಸ್ಕ್‌ಟಾಪ್‌ನ ಚಿಹ್ನೆಗಳು ಮಾಯವಾಗುತ್ತವೆ; ಇದರಿಂದ ಗಾಬರಿಯಾಗಬೇಕಿಲ್ಲ, ಟಾಸ್ಕ್ ಮ್ಯಾನೇಜರ್‌ನಲ್ಲಿ ಹೊಸ ಕಾರ್ಯ ನಡೆಸುವ ಆಯ್ಕೆಗೆ ಹೋಗಿ ಅದೇ ಹೆಸರನ್ನು ನೀಡಿದರೆ ಎಲ್ಲವೂ ಹಿಂದಿರುಗುತ್ತವೆ.

ಇತರ ವ್ಯವಸ್ಥೆಗಳಲ್ಲಿ

ಲಿನಕ್ಸ್‌ನಲ್ಲಿ 'ಕಿಲ್' ಎಂಬ ಆದೇಶ ಈ ಕೆಲಸ ಮಾಡುತ್ತದೆ. ಅದು ಸಾಮಾನ್ಯವಾಗಿ ಕಳುಹಿಸುವ 15ನೆಯ ಸಂಕೇತವನ್ನು ಪ್ರೋಗ್ರಾಂ ಗ್ರಹಿಸಿ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಬಹುದು. 9ನೆಯ ಸಂಕೇತವನ್ನು ಯಾವ ಪ್ರೋಗ್ರಾಂ ಕೂಡ ತಡೆಯಲಾರದು. ಆದರೂ ಡಿಸ್ಕ್ ಅಥವಾ ಜಾಲದ ಉತ್ತರಕ್ಕಾಗಿ ತಡೆಯಲಾಗದ ನಿದ್ರೆಯಲ್ಲಿರುವ ಪ್ರಕ್ರಿಯೆಯು ಆ ಉತ್ತರ ಬರುವವರೆಗೆ 9ಕ್ಕೂ ಮಣಿಯುವುದಿಲ್ಲ. ಮ್ಯಾಕ್ ಗಣಕಯಂತ್ರಗಳಲ್ಲಿ ಕಮಾಂಡ್, ಆಪ್ಶನ್, ಎಸ್ಕೇಪ್ ಕೀಲಿಗಳಿಂದ 'ಫೋರ್ಸ್ ಕ್ವಿಟ್' ಪಟ್ಟಿ ತೆರೆಯುತ್ತದೆ. ಗೂಗಲ್ ಕ್ರೋಮ್ ಜಾಲದರ್ಶಕಕ್ಕೆ ತನ್ನದೇ ಆದ ಟಾಸ್ಕ್ ಮ್ಯಾನೇಜರ್ ಇದೆ. ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಅದು ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳಿಂದ ತೆರೆಯುತ್ತದೆ. ಒಂದು ಜಾಲಪುಟ ಸಿಲುಕಿದಾಗ ಅದನ್ನು ಮಾತ್ರ ಮುಚ್ಚಿ, ಮತ್ತೊಂದು ಪುಟದಲ್ಲಿ ಅರ್ಧ ತುಂಬಿಸಿದ ಅರ್ಜಿಯನ್ನು ಉಳಿಸಿಕೊಳ್ಳಲು ಬಹುತೇಕ ಸಂದರ್ಭಗಳಲ್ಲಿ ಸಾಧ್ಯವಾಗುತ್ತದೆ.