ರಾನ್ ವೈಡನ್: ಡಿಜಿಟಲ್ ಖಾಸಗಿತನದ ನಿಲುವುಗಳು

1996ರಿಂದ ಅಮೆರಿಕದ ಒರೆಗನ್ ರಾಜ್ಯವನ್ನು ಸೆನೆಟ್‌ನಲ್ಲಿ ಪ್ರತಿನಿಧಿಸುತ್ತಿರುವ ಡೆಮಾಕ್ರಟಿಕ್ ಪಕ್ಷದ ರಾನ್ ವೈಡನ್ (ಜನನ 1949) ಡಿಜಿಟಲ್ ಖಾಸಗಿತನವನ್ನು ಪ್ರಜಾಪ್ರಭುತ್ವದ ಪ್ರಶ್ನೆಯಾಗಿಯೇ ನೋಡುತ್ತ ಬಂದವರು. ಗೂಢಚರ್ಯೆಯ ವಿಧಾನ ಗುಟ್ಟಾಗಿರಬಹುದು, ಅದಕ್ಕೆ ಅಧಿಕಾರ ಕೊಡುವ ಕಾನೂನಿನ ಅರ್ಥ ಗುಟ್ಟಾಗಿರಬಾರದು ಎಂಬುದು ಅವರ ವಾದದ ತಿರುಳು. ಸರ್ಕಾರದ ಗೂಢಚರ್ಯೆಯ ಅಧಿಕಾರವನ್ನು ಹಿಗ್ಗಿಸಿದ 2001ರ ಪೇಟ್ರಿಯಟ್ ಕಾಯ್ದೆಗೆ ಅವರೂ ಮತ ಹಾಕಿದ್ದರು. ಸರ್ಕಾರ ಅದನ್ನು ಒಳಗೊಳಗೇ ಬೇರೆಯಾಗಿ ಅರ್ಥೈಸಿಕೊಂಡಿದೆ ಎಂದು 2011ರಲ್ಲಿ ಸೆನೆಟ್‌ನಲ್ಲೇ ಎಚ್ಚರಿಸಿದರು. ಗುಪ್ತಚರ ಸಮಿತಿಯ ಸದಸ್ಯರಾದ್ದರಿಂದ ವಿವರಗಳನ್ನು ಬಾಯಿಬಿಡುವಂತಿರಲಿಲ್ಲ. 2013ರ ಮಾರ್ಚ್ 12ರ ಬಹಿರಂಗ ವಿಚಾರಣೆಯಲ್ಲಿ, ಕೋಟ್ಯಂತರ ಅಮೆರಿಕನ್ನರ ಮಾಹಿತಿಯನ್ನು ರಾಷ್ಟ್ರೀಯ ಭದ್ರತಾ ಸಂಸ್ಥೆ ಯಾವುದೇ ರೂಪದಲ್ಲಿ ಸಂಗ್ರಹಿಸುತ್ತಿದೆಯೇ ಎಂದು ಅವರು ಕೇಳಿದಾಗ, ಗುಪ್ತಚರ ನಿರ್ದೇಶಕ ಜೇಮ್ಸ್ ಕ್ಲ್ಯಾಪರ್ ಹಣೆ ಸವರಿಕೊಳ್ಳುತ್ತ ಇಲ್ಲವೆಂದರು. ಜೂನ್‌ನಲ್ಲಿ ಆ ಸಂಸ್ಥೆಯ ಗುತ್ತಿಗೆ ನೌಕರನಾಗಿದ್ದ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ದಾಖಲೆಗಳಿಂದ ಆ ಉತ್ತರ ಸುಳ್ಳೆಂದು ಸಾಬೀತಾಯಿತು. ಮತದಾರರು ಆರಿಸಿ ಕಳಿಸಿದ ಪ್ರತಿನಿಧಿಗೇ ಸತ್ಯ ಸಿಗದಿದ್ದರೆ ಸಂಸತ್ತಿನ ಮೇಲ್ವಿಚಾರಣೆಗೆ ಅರ್ಥವೇ ಉಳಿಯುವುದಿಲ್ಲ.

ಇಷ್ಟು ಪಾರದರ್ಶಕತೆ ಭಯೋತ್ಪಾದಕರಿಗೆ ಅನುಕೂಲವಾದೀತು ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಭದ್ರತಾ ಸಂಸ್ಥೆ ನಡೆಸುತ್ತಿದ್ದ ಫೋನ್ ದಾಖಲೆಗಳ ಸಾರಾಸಗಟು ಸಂಗ್ರಹದಿಂದ, ಅಮೆರಿಕಕ್ಕಿದ್ದ ಬೆದರಿಕೆಯ ಯಾವ ತನಿಖೆಯ ಫಲಿತಾಂಶವೂ ಬದಲಾದ ನಿದರ್ಶನ ಕಂಡಿಲ್ಲವೆಂದು ಸರ್ಕಾರದ್ದೇ ಖಾಸಗಿತನ ಮೇಲ್ವಿಚಾರಣಾ ಮಂಡಳಿ 2014ರಲ್ಲಿ ವರದಿ ಕೊಟ್ಟಿತು. 2015ರ ಫ್ರೀಡಂ ಕಾಯ್ದೆ ಆ ಸಂಗ್ರಹವನ್ನು ನಿಲ್ಲಿಸಿತು. ವಾರಂಟ್ ಇಲ್ಲದೆ ಪಡೆಯಲಾಗದ ಮಾಹಿತಿಯನ್ನು ಸರ್ಕಾರಿ ಸಂಸ್ಥೆಗಳು ಡೇಟಾ ವ್ಯಾಪಾರಿಗಳಿಂದ ದುಡ್ಡು ಕೊಟ್ಟು ಕೊಳ್ಳುವುದನ್ನು ತಡೆಯಲು ವೈಡನ್ 2021ರಲ್ಲಿ ಮಸೂದೆ ಮಂಡಿಸಿದರು. ಅದರ ಕೆಳಮನೆಯ ರೂಪಕ್ಕೆ 2024ರ ಏಪ್ರಿಲ್‌ನಲ್ಲಿ ಅಲ್ಲಿ ಅಂಗೀಕಾರ ಸಿಕ್ಕಿತು, ಸೆನೆಟ್‌ನಲ್ಲಿ ಸಿಗಲಿಲ್ಲ.